ಟೆಕ್ಸಾಸ್‌ಸಾಲ್ವರ್: ಪಣದ ಅಳತೆ ನೋಡುವ ಉಚಿತ ತಕ್ಕಡಿ

ಶಿವಮೊಗ್ಗದ ನಮ್ಮ ಮನೆಯ ಮಹಡಿಯಲ್ಲಿ ತಿಂಗಳಿಗೊಂದು ಶನಿವಾರ ಐದಾರು ಮಂದಿ ಸೇರಿ ಪೋಕರ್ ಆಡುತ್ತೇವೆ. ಚಿಪ್ಸ್ ಬದಲಿಗೆ ಹುಣಸೆ ಬೀಜ, ಸೋತವರು ಮುಂದಿನ ಸಲದ ಮಂಡಕ್ಕಿ ಖಾರದ ಖರ್ಚು ನೋಡಿಕೊಳ್ಳಬೇಕು, ಇಷ್ಟೇ ಅಲ್ಲಿನ ವಹಿವಾಟು. ಕಳೆದ ವರ್ಷ ಒಂದು ರಾತ್ರಿ, ಕೊನೆಯ ಎಲೆಯೂ ಬಿದ್ದ ಮೇಲೆ, ಏನೂ ಕೂಡಿಬಾರದ ಕೈಯನ್ನು ಹಿಡಿದುಕೊಂಡು ಪಾಟ್‌ನ, ಅಂದರೆ ನಡುವೆ ಕೂಡಿದ್ದ ಒಟ್ಟು ಪಣದ, ಅರ್ಧದಷ್ಟು ಬೀಜಗಳನ್ನು ಮುಂದಕ್ಕೆ ತಳ್ಳಿದೆ. ಎದುರಿಗಿದ್ದ ಗೆಳೆಯರೊಬ್ಬರು ಎರಡು ಎಕ್ಕಗಳನ್ನು ತೋರಿಸಿ ಎಲ್ಲವನ್ನೂ ಎಳೆದುಕೊಂಡರು. "ಅರ್ಧಕ್ಕೆ ಕೇಳಿದರೆ ಯಾರು ಬಿಡ್ತಾರೆ ಮಾರಾಯಾ, ಹೆದರಿಸೋದಾದರೆ ಸರಿಯಾಗಿ ಹೆದರಿಸು" ಎಂದರು. ಪಣ ದೊಡ್ಡದಾಗಿದ್ದರೆ ಅವರು ನಿಜಕ್ಕೂ ಎಲೆ ಮಡಚುತ್ತಿದ್ದರೇ, ಹಾಗೆ ಮಡಚಿದ್ದರೆ ನನಗೆ ಆಗುತ್ತಿದ್ದ ಲಾಭ ಎಷ್ಟು, ಇಲ್ಲವೇ ಆ ಕೈಯಲ್ಲಿ ಸುಮ್ಮನಿರುವುದೇ ಸರಿಯಾಗಿತ್ತೇ ಎಂಬ ಪ್ರಶ್ನೆಗಳು ನನ್ನನ್ನು ಟೆಕ್ಸಾಸ್‌ಸಾಲ್ವರ್ ಎಂಬ ತಂತ್ರಾಂಶದ ಬಳಿಗೆ ಕರೆದೊಯ್ದವು. ಸುಮಾರು ಎಂಟು ತಿಂಗಳು ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಇದು ಆಡುವ ಆ್ಯಪ್ ಅಲ್ಲ. ಮುಕ್ತ ಆಕರದ, ಉಚಿತವಾಗಿ ಇಳಿಸಿಕೊಳ್ಳಬಹುದಾದ ಲೆಕ್ಕದ ಯಂತ್ರ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯ ಪೋಕರ್‌ನಲ್ಲಿ (ಪ್ರತಿಯೊಬ್ಬರ ಕೈಯಲ್ಲಿ ಗುಟ್ಟಾಗಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು) ಇಬ್ಬರೇ ಉಳಿದಿರುವಾಗ, ಫ್ಲಾಪ್ ಎಂದು ಕರೆಯುವ ಮೊದಲ ಮೂರು ಎಲೆಗಳು ಮೇಜಿನ ಮೇಲೆ ಬಿದ್ದ ನಂತರದ ಸ್ಥಿತಿಯನ್ನು ಅದಕ್ಕೆ ತಿಳಿಸಬೇಕು: ಯಾವ ಎಲೆಗಳು ಬಿದ್ದಿವೆ, ಪಾಟ್‌ನಲ್ಲಿ ಎಷ್ಟಿದೆ, ಇಬ್ಬರ ಮುಂದೆ ಇನ್ನೆಷ್ಟು ಉಳಿದಿದೆ, ಪ್ರತಿಯೊಬ್ಬರ ಕೈಯಲ್ಲಿ ಯಾವ ಯಾವ ಎಲೆಗಳು ಇರಬಹುದು, ಯಾವ ಯಾವ ಅಳತೆಯ ಪಣ ಇಡಲು ಅವರಿಗೆ ಅವಕಾಶವಿದೆ ಎಂಬಿಷ್ಟನ್ನು ಹೇಳಿ ಗುಂಡಿ ಒತ್ತಿದರೆ, ಎದುರಾಳಿಯು ಎಷ್ಟೇ ಜಾಣನಾದರೂ ಹೆಚ್ಚು ಕಿತ್ತುಕೊಳ್ಳಲಾಗದಂತಹ ಆಟದ ಕ್ರಮವನ್ನು ಅದು ಹುಡುಕಿಕೊಡುತ್ತದೆ. ಹುಡುಕುವ ರೀತಿ ಸ್ವಾರಸ್ಯಕರವಾಗಿದೆ. ಯಂತ್ರವು ತನ್ನ ಎದುರು ತಾನೇ ಕುಳಿತು ಆಡುತ್ತದೆ; ಪ್ರತಿ ಸುತ್ತಿನ ಬಳಿಕ, ಬೇರೆ ಹೆಜ್ಜೆ ಇಟ್ಟಿದ್ದರೆ ಎಷ್ಟು ಹೆಚ್ಚು ಸಿಗುತ್ತಿತ್ತು ಎಂಬ ಪಶ್ಚಾತ್ತಾಪವನ್ನು ಅಂಕಿಯಲ್ಲಿ ಬರೆದುಕೊಂಡು, ಮುಂದಿನ ಸುತ್ತಿನಲ್ಲಿ ಆ ಕಡೆಗೆ ಸ್ವಲ್ಪ ವಾಲುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಮುಂದಿಟ್ಟ ಈ ವಿಧಾನದ ವಂಶಕ್ಕೇ ಇಂದಿನ ಹೆಚ್ಚಿನ ಸಾಲ್ವರ್‌ಗಳು, ಅಂದರೆ ಇಂತಹ ಲೆಕ್ಕದ ಯಂತ್ರಗಳು, ಸೇರಿವೆ. ಹಣ ಕೊಟ್ಟು ಕೊಳ್ಳಬೇಕಾದ ಪಿಯೋಸಾಲ್ವರ್ 2015ರಿಂದಲೂ ವೃತ್ತಿಪರರ ನಡುವೆ ಹೆಸರಾಗಿದೆ. ಮೊದಲೇ ಲೆಕ್ಕ ಹಾಕಿಟ್ಟ ಉತ್ತರಗಳನ್ನು ಚಂದಾ ಪಡೆದು ತೋರಿಸುವ ಜಾಲತಾಣಗಳೂ ಇವೆ. ಹುಣಸೆ ಬೀಜಕ್ಕೆ ಆಡುವವನಿಗೆ ಅಷ್ಟರ ಅಗತ್ಯವಿಲ್ಲವೆಂದು ನಾನು ಉಚಿತವಾದುದನ್ನೇ ಆರಿಸಿಕೊಂಡೆ.

ಅಂಗಡಿಯವನ ತಕ್ಕಡಿಯ ಮೇಲೆ ಅನುಮಾನ ಬಂದರೆ ತೂಕ ಗೊತ್ತಿರುವ ಕಲ್ಲನ್ನು ಇಟ್ಟು ನೋಡುತ್ತೇವೆ. ನಾನೂ ಹಾಗೆಯೇ, ಕಾಗದದ ಮೇಲೆ ಕೈಯಿಂದಲೇ ಬಿಡಿಸಬಹುದಾದ ಒಂದು ಸಣ್ಣ ಲೆಕ್ಕವನ್ನು ಮೊದಲು ಇದಕ್ಕೆ ಕೊಟ್ಟೆ. ಅದನ್ನು ಇಲ್ಲಿ ವಿವರವಾಗಿಯೇ ಹೇಳುತ್ತೇನೆ. ಈ ತಂತ್ರಾಂಶದ ಬೆಲೆ ಏನೆಂಬುದು ಆ ಲೆಕ್ಕದಲ್ಲೇ ಇದೆ.

ಮೇಜಿನ ಮೇಲೆ ಐದು ಎಲೆಗಳು: ಇಸ್ಪೀಟ್ ರಾಣಿ, ಆಟೀನ್ ಗುಲಾಮ, ಆಟೀನ್ ಎರಡು, ಕಳಾವರ್ ಏಳು, ಡೈಮಂಡ್ ಮೂರು. ಪಾಟ್‌ನಲ್ಲಿ 100 ಬೀಜ, ಇಬ್ಬರ ಮುಂದೆಯೂ ತಲಾ 200. ಮೊದಲು ಆಡಬೇಕಾದ ಗೆಳೆಯರ ಕೈಯಲ್ಲಿ ಎರಡು ಎಕ್ಕಗಳೇ ಇವೆ ಎಂದಿಟ್ಟುಕೊಳ್ಳೋಣ. ಅವರು ಚೆಕ್ ಎಂದು ಸರದಿಯನ್ನು ನನಗೆ ಬಿಡುತ್ತಾರೆ. ನನ್ನ ಕೈಯಲ್ಲಿ ಎರಡು ಬಗೆಯವು ಮಾತ್ರ ಇರಬಹುದು. ಮೊದಲನೆಯದು ರಾಣಿ ಜೋಡಿ, ಗುಲಾಮ ಜೋಡಿ ಅಥವಾ ಎರಡರ ಜೋಡಿ. ಮೇಜಿನ ಎಲೆಯೊಂದಿಗೆ ಸೇರಿ ಮೂರಾಗುವ ಇಂತಹ ಕೈಗಳು ತಲಾ ಮೂರು ವಿಧದಲ್ಲಿ ಬರಬಹುದಾದ್ದರಿಂದ ಒಟ್ಟು 9, ಮತ್ತು ಇವೆಲ್ಲವೂ ಎಕ್ಕಗಳನ್ನು ಸೋಲಿಸುತ್ತವೆ. ಎರಡನೆಯದು ಹತ್ತು-ಒಂಬತ್ತು, ರಾಜನೋ ಎಂಟೋ ಬಿದ್ದಿದ್ದರೆ ಐದು ಎಲೆಗಳ ಸಾಲು ಪೂರ್ತಿಯಾಗುತ್ತಿತ್ತು, ಬೀಳದೆ ಬರಿದಾಗಿ ಉಳಿದ ಕೈ. ಅದು 16 ವಿಧದಲ್ಲಿ ಬರಬಹುದು. ಹಾಗಾಗಿ 25ರಲ್ಲಿ 9 ಸಲ ನಾನು ಗೆದ್ದಿದ್ದೇನೆ, 16 ಸಲ ಸೋತಿದ್ದೇನೆ, ಯಾವುದೆಂದು ಗೆಳೆಯರಿಗೆ ತಿಳಿಯದು.

ನಾನು ಸುಳ್ಳಾಡದ ಮನುಷ್ಯನಾಗಿ, ಗೆಲ್ಲುವ ಕೈ ಬಂದಾಗ ಮಾತ್ರ ಪಣ ಇಡುತ್ತೇನೆ ಎಂದಾದರೆ, ಗೆಳೆಯರು ಪ್ರತಿ ಸಲವೂ ಎಲೆ ಮಡಚುತ್ತಾರೆ. ಆಗ 25ರಲ್ಲಿ 9 ಸಲ ಪಾಟ್‌ನ 100 ಬೀಜ ನನ್ನದಾಗುತ್ತದೆ. ಸರಾಸರಿ ಒಂದು ಕೈಗೆ 36. ಈಗ ಅರ್ಧ ಪಾಟ್, ಅಂದರೆ 50 ಬೀಜದ ಪಣಕ್ಕೆ ಮಾತ್ರ ಅವಕಾಶವಿದೆ ಎನ್ನೋಣ. ಗೆಳೆಯರು 150 ಬೀಜ ಗೆಲ್ಲಲು 50 ಹಾಕಬೇಕು, ಆದ್ದರಿಂದ ನನ್ನ ನಾಲ್ಕು ಪಣಗಳಲ್ಲಿ ಒಂದು ಬ್ಲಫ್, ಅಂದರೆ ಸೋಲುವ ಕೈಯಲ್ಲಿಟ್ಟ ಸುಳ್ಳು ಪಣ, ಆಗಿದ್ದರೆ ಅವರಿಗೆ ಅಷ್ಟೇ ಬೀಜ ಹಾಕಿ ನನ್ನ ಕೈ ನೋಡುವುದೂ ಎಲೆ ಮಡಚಿ ಬಿಡುವುದೂ ಸಮವಾಗುತ್ತದೆ. ಒಂಬತ್ತು ನಿಜದ ಕೈಗಳ ಜೊತೆಗೆ ಮೂರು ಸುಳ್ಳಿನ ಕೈಗಳು ಬೆರೆತರೆ ಈ ಪ್ರಮಾಣ ಬರುತ್ತದೆ. ಅಂದರೆ ಹದಿನಾರು ಹತ್ತು-ಒಂಬತ್ತುಗಳಲ್ಲಿ ಮೂರನ್ನು ಮಾತ್ರ ಮುಂದೆ ತಳ್ಳಿ ಹದಿಮೂರನ್ನು ಸುಮ್ಮನೆ ಬಿಟ್ಟುಕೊಡಬೇಕು. ಅತ್ತ, ನಾನು 100 ಗೆಲ್ಲಲು 50ನ್ನು ಒಡ್ಡುತ್ತಿರುವುದರಿಂದ, ಗೆಳೆಯರು ಮೂರರಲ್ಲಿ ಎರಡು ಸಲ ನೋಡಲೇಬೇಕು. ಅದಕ್ಕಿಂತ ಕಡಿಮೆ ನೋಡಿದರೆ ನಾನು ಕಂಡಕಂಡಲ್ಲೆಲ್ಲ ಬ್ಲಫ್ ಮಾಡಬಹುದು. ಪಾಟ್‌ನಷ್ಟೇ ಪಣವಾದರೆ ಬ್ಲಫ್‌ನ ಪಾಲು ಮೂರರಲ್ಲಿ ಒಂದಕ್ಕೇರುತ್ತದೆ, ಅವರು ಎರಡರಲ್ಲಿ ಒಂದು ಸಲ ನೋಡಬೇಕು. ಪಾಟ್‌ನ ಎರಡರಷ್ಟು, ಅಂದರೆ ಇದ್ದಬದ್ದ 200 ಬೀಜವನ್ನೂ ತಳ್ಳಿದರೆ ಬ್ಲಫ್‌ನ ಪಾಲು ಐದರಲ್ಲಿ ಎರಡು, ಅಂದರೆ ಒಂಬತ್ತಕ್ಕೆ ಆರು. ಅವರು ನೋಡಬೇಕಾದದ್ದು ಮೂರರಲ್ಲಿ ಒಂದೇ ಸಲ.

ಈ ಮೂರು ಅಳತೆಗಳಲ್ಲಿ ನನಗೆ ಬರುವ ಸರಾಸರಿ ಕ್ರಮವಾಗಿ 48, 54 ಮತ್ತು 60 ಬೀಜ. ತಂತ್ರಾಂಶಕ್ಕೆ ಒಂದೊಂದೇ ಅಳತೆ ಕೊಟ್ಟು ಓಡಿಸಿದಾಗ, ದಶಮಾಂಶದ ಆಚೆಯ ಸಣ್ಣ ವ್ಯತ್ಯಾಸ ಬಿಟ್ಟರೆ ಇವೇ ಅಂಕಿಗಳು ಬಂದವು. ಮೂರನ್ನೂ ಒಟ್ಟಿಗೆ ಕೊಟ್ಟಾಗ ಅದು ದೊಡ್ಡದನ್ನೇ ಆರಿಸಿಕೊಂಡಿತು. ತಕ್ಕಡಿ ಸರಿಯಾಗಿದೆ ಎಂದು ಅಲ್ಲಿಗೆ ನಂಬಿಕೆ ಬಂತು.

ಆದರೆ ನನ್ನನ್ನು ಬಹಳ ಹೊತ್ತು ಕೂರಿಸಿದ್ದು ಈ ಒಟ್ಟು ಮೊತ್ತವಲ್ಲ, ಅದರ ಒಳಗಿನ ಹಂಚಿಕೆ. ಪ್ರತಿಯೊಂದು ಕೈಗೂ ಎಷ್ಟು ಬೀಜ ಸಂದಾಯವಾಗುತ್ತದೆ ಎಂಬುದನ್ನು ತೋರಿಸುವ ನೋಟವೊಂದು ಇದರಲ್ಲಿದೆ. ಅದನ್ನು ತೆರೆದು ಹತ್ತು-ಒಂಬತ್ತರ ಚೌಕವನ್ನು ನೋಡಿದರೆ ಅಲ್ಲಿ ಇರುವುದು ಸೊನ್ನೆ. ಪಣ 50 ಇರಲಿ, 100 ಇರಲಿ, 200 ಇರಲಿ, ಎದುರಾಳಿ ಸರಿಯಾದ ಪ್ರಮಾಣದಲ್ಲಿ ನೋಡುತ್ತಿದ್ದರೆ ಬ್ಲಫ್ ಮಾಡಿದ ಕೈಗೆ ಸಿಗುವುದು ಏನೂ ಇಲ್ಲ. 36ರಿಂದ 60ಕ್ಕೆ ಏರಿದ ಲಾಭ ಪೂರ್ತಿಯಾಗಿ ಗೆಲ್ಲುವ ಕೈಗಳ ಖಾತೆಗೆ ಜಮೆಯಾಗಿದೆ: ಅರ್ಧ ಪಣದಲ್ಲಿ ಅಂತಹ ಪ್ರತಿ ಕೈಗೆ 133, ಎರಡರಷ್ಟು ಪಣದಲ್ಲಿ 167ರ ಹತ್ತಿರ. ಹತ್ತು-ಒಂಬತ್ತು ದುಡಿಯುತ್ತದೆ, ರಾಣಿ ಜೋಡಿ ಉಣ್ಣುತ್ತದೆ. ಆ ರಾತ್ರಿ ನಾನು ಬ್ಲಫ್ ಸೋತದ್ದಕ್ಕೆ ಮುಖ ಸಣ್ಣ ಮಾಡಿಕೊಂಡಿದ್ದೆನಲ್ಲ, ಅದು ತಪ್ಪು ಲೆಕ್ಕ. ಅರ್ಧ ಪಣಕ್ಕೆ ಗೆಳೆಯರು ಮೂರರಲ್ಲಿ ಎರಡು ಸಲ ನೋಡಬೇಕಾದದ್ದೇ ಧರ್ಮ, ಅವರು ನೋಡಿದ್ದರು. ನನ್ನ ನಿಜವಾದ ಸೋಲು ಹಿಂದಿನ ತಿಂಗಳುಗಳಲ್ಲಿತ್ತು: ಗೆಲ್ಲುವ ಕೈ ಬಂದಾಗಲೆಲ್ಲ, ಎಲ್ಲಿ ಅವರು ಬಿಟ್ಟು ಓಡುತ್ತಾರೋ ಎಂದು ಸಂಕೋಚಪಟ್ಟು ಅರ್ಧವನ್ನೇ ಕೇಳಿದ್ದೆ.

ವಂಚನೆ ಎಂಬ ಪದಕ್ಕೆ ನಮ್ಮಲ್ಲಿ ತಕ್ಷಣ ನೆನಪಾಗುವವನು ಶಕುನಿ. ಅವನದು ದಾಳವನ್ನೇ ಕೆಡಿಸಿದ ಆಟ. ಧರ್ಮರಾಯನಿಗೆ ಅಲ್ಲಿ ಸರಿಯಾಗಿ ಆಡುವ ದಾರಿಯೇ ಇರಲಿಲ್ಲ. ಪೋಕರ್‌ನ ವಂಚನೆ ಹಾಗಲ್ಲ. ನಾನು ಐದರಲ್ಲಿ ಎರಡು ಸಲ ಸುಳ್ಳಾಡುತ್ತೇನೆ ಎಂದು ಚೀಟಿಯಲ್ಲಿ ಬರೆದು ಎದುರಾಳಿಯ ಕೈಗೆ ಕೊಟ್ಟರೂ ಅವರಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ, ಏಕೆಂದರೆ ಈ ಸಲದ್ದು ಯಾವುದೆಂದು ಚೀಟಿ ಹೇಳುವುದಿಲ್ಲ. ಜಾನ್ ವಾನ್ ನ್ಯೂಮನ್ 1928ರಷ್ಟು ಹಿಂದೆಯೇ ಇಂತಹ ಆಟಗಳ ಗಣಿತಕ್ಕೆ ಅಡಿಪಾಯ ಹಾಕಿ, 1944ರಲ್ಲಿ ಆಸ್ಕರ್ ಮಾರ್ಗನ್‌ಸ್ಟರ್ನ್ ಜೊತೆಗೂಡಿ ಬರೆದ ಗ್ರಂಥದಲ್ಲಿ ಪೋಕರ್‌ನ ಬ್ಲಫ್‌ಗೆಂದೇ ಜಾಗ ಕೊಟ್ಟರು. ಅಲ್ಲಿಯೂ ಬ್ಲಫ್ ಎಂಬುದು ಎದೆಗಾರಿಕೆಯ ವಿಷಯವಾಗಿರದೆ ಪ್ರಮಾಣದ ವಿಷಯವಾಗಿತ್ತು. ಕಾಗದದ ಮೇಲಿನ ಆ ತತ್ವ ನೈಜ ಆಟಕ್ಕೆ ಇಳಿಯಲು ಬಹಳ ಕಾಲ ಹಿಡಿಯಿತು. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಯಂತ್ರ ನಾಲ್ವರು ವೃತ್ತಿಪರರ ವಿರುದ್ಧ ಇಪ್ಪತ್ತು ದಿನಗಳಲ್ಲಿ 1,20,000 ಕೈಗಳನ್ನು ಆಡಿ, ಚಿಪ್ಸ್ ಲೆಕ್ಕದಲ್ಲಿ 17 ಲಕ್ಷ ಡಾಲರ್‌ಗೂ ಹೆಚ್ಚು ಮುಂದಿತ್ತು. ಅದರ ಆಟದಲ್ಲಿ ಎದುರಾಳಿಗಳನ್ನು ಬಹುವಾಗಿ ಕಾಡಿದ ಸಂಗತಿಗಳಲ್ಲೊಂದು, ಸಣ್ಣ ಪಾಟ್‌ನ ಮೇಲೆ ಅದು ಹಿಂದೆಮುಂದೆ ನೋಡದೆ ಇಡುತ್ತಿದ್ದ ದೊಡ್ಡ ಪಣಗಳು. ಮನುಷ್ಯರು ವಾಡಿಕೆಯಿಂದ ಅರ್ಧ, ಮುಕ್ಕಾಲು ಎಂದು ಇಡುತ್ತಿದ್ದ ಕಡೆ ಯಂತ್ರಕ್ಕೆ ವಾಡಿಕೆಯ ಹಂಗಿರಲಿಲ್ಲ.

ಹಾಗಾದರೆ ಯಾವಾಗಲೂ ದೊಡ್ಡ ಪಣವೇ ಸರಿಯೇ? ಇದಕ್ಕೆ ಉತ್ತರ ಪಡೆಯಲು ಮಾಡಿದ ಎರಡನೆಯ ಪ್ರಯೋಗ, ನನ್ನ ದೃಷ್ಟಿಯಲ್ಲಿ, ಮೊದಲನೆಯದಕ್ಕಿಂತ ಹೆಚ್ಚು ಕಲಿಸಿತು. ಗೆಳೆಯರ ಎಕ್ಕಗಳ ಜೊತೆಗೆ ಏಳರ ಜೋಡಿಯನ್ನೂ ಸೇರಿಸಿದೆ. ಅಂದರೆ, ಕಳಾವರ್ ಏಳು ಬಿದ್ದು ತಮಗೆ ಮೂರು ಏಳು ಕೂಡಿಬಂದರೂ, ಅವರು ಏನೂ ಇಲ್ಲದವರಂತೆ ಚೆಕ್ ಎಂದು ಬಲೆ ಹಾಕಿ ಕೂರಬಲ್ಲರು. ಎಕ್ಕದ ಜೋಡಿ ಆರು ವಿಧ, ಏಳರ ಜೋಡಿ ಮೂರು ವಿಧ. ಏಳರ ಕೈ ನನ್ನ ಎರಡರ ಜೋಡಿಯನ್ನು ಸೋಲಿಸುತ್ತದೆ, ರಾಣಿ ಗುಲಾಮರಿಗೆ ಸೋಲುತ್ತದೆ. ಉಳಿದದ್ದೆಲ್ಲ ಮೊದಲಿನಂತೆಯೇ, ಪಣ 200 ಒಂದೇ. ಈಗ ಬಂದ ಉತ್ತರದಲ್ಲಿ ನನ್ನ ಎರಡರ ಜೋಡಿ ಪಣ ಇಡುವುದನ್ನೇ ನಿಲ್ಲಿಸಿತ್ತು. ಕಾರಣ ಸ್ಪಷ್ಟ: ಅವರು ಒಂಬತ್ತರಲ್ಲಿ ಮೂರು ಕೈಗಳಿಂದ ನೋಡಿದರೆ ಸಾಕು, ಆ ಮೂರೂ ಏಳರ ಜೋಡಿಯೇ ಆಗಿಬಿಟ್ಟರೆ ನನ್ನ ಎರಡರ ಜೋಡಿಯನ್ನು ನೋಡಲು ಬರುವವರೆಲ್ಲ ಅದನ್ನು ಸೋಲಿಸುವವರೇ. ಪಣ ಇಡಬಲ್ಲ ನಿಜದ ಕೈಗಳು ಒಂಬತ್ತರಿಂದ ಆರಕ್ಕೆ ಇಳಿದ ಕೂಡಲೇ ಅವುಗಳ ನೆರಳಿನಲ್ಲಿ ನಿಲ್ಲಬಹುದಾದ ಬ್ಲಫ್‌ಗಳೂ ಆರರಿಂದ ನಾಲ್ಕಕ್ಕೆ ಇಳಿದವು. ನನ್ನ ಸರಾಸರಿ 60ರಿಂದ 48ಕ್ಕೆ ಕುಸಿಯಿತು.

ಗೆಳೆಯರು ಆ ಮೂರು ಕೈಗಳಿಂದ ಒಂದು ಬೀಜವನ್ನೂ ಮುಂದೆ ತಳ್ಳಿಲ್ಲ, ಸುಮ್ಮನೆ ಚೆಕ್ ಎಂದಿದ್ದಾರೆ ಅಷ್ಟೇ. ಅವರ ಚೆಕ್‌ನಲ್ಲಿ ಬಲವಾದದ್ದೂ ಅಡಗಿರಬಹುದು ಎಂಬ ಸಾಧ್ಯತೆಯೇ ನನ್ನ ದೊಡ್ಡ ಪಣದ ಹಲ್ಲು ಕಿತ್ತಿದೆ. ಬ್ಲಫ್ ಒಂದೇ ವಂಚನೆಯಲ್ಲ, ಬಲವಿದ್ದೂ ಬಡವನಂತೆ ಕೂರುವುದೂ ವಂಚನೆಯೇ ಎಂಬುದು ನನಗೆ ಕೇಳಿ ಗೊತ್ತಿತ್ತು; ಆದರೆ ಆ ಬಡತನದ ನಟನೆಗೆ ಒಂದು ಕೈಗೆ ಹನ್ನೆರಡು ಬೀಜದ ಬೆಲೆ ಇದೆ ಎಂದು ಅಂಕಿಯಲ್ಲಿ ಕಂಡದ್ದು ಇದೇ ಮೊದಲು. ದೊಡ್ಡ ಪಣ ಸಲ್ಲುವುದು ಎದುರಾಳಿಯ ಕೈಗೆ ಮೇಲ್ಮಿತಿ ಇದೆ ಎಂದು ಖಾತ್ರಿಯಿರುವಲ್ಲಿ. ಖಾತ್ರಿ ಇಲ್ಲದಿದ್ದರೆ ನಡುವಿನ ಬಲದ ಕೈಗಳಿಗೆ ಸಣ್ಣ ಅಳತೆ ಬೇಕಾಗುತ್ತದೆ. ಯಾವ ಗಾತ್ರ ಎಂಬ ಪ್ರಶ್ನೆಯನ್ನು ನನ್ನ ಕೈಯಲ್ಲಿರುವ ಎರಡು ಎಲೆಗಳನ್ನು ನೋಡಿಕೊಂಡು ಬಿಡಿಸಲಾಗುವುದಿಲ್ಲ. ಇಬ್ಬರ ಕೈಯಲ್ಲೂ ಇರಬಹುದಾದ ಎಲ್ಲವನ್ನೂ, ಆಟಗಾರರು ರೇಂಜ್ ಎನ್ನುವ ಆ ಇಡೀ ಗುಂಪನ್ನು, ಎದುರುಬದುರಾಗಿ ಇಟ್ಟು ನೋಡಬೇಕು. ಟೆಕ್ಸಾಸ್‌ಸಾಲ್ವರ್‌ನ ಪರದೆಯಲ್ಲಿ ಇರುವುದೂ ಅದೇ, ಹದಿಮೂರು ಅಡ್ಡಸಾಲು, ಹದಿಮೂರು ಉದ್ದಸಾಲಿನ ಬಣ್ಣದ ಚೌಕ. ಅದನ್ನು ಓದಲು ಕಣ್ಣಿಗೆ ಒಂದೆರಡು ವಾರ ಬೇಕು.

ಬಳಕೆಯ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಪರದೆಯ ಮೇಲಿನ ಬರಹ ಕನ್ನಡದಲ್ಲಿಲ್ಲ. ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ತಿಳಿದಿರಲೇಬೇಕು. ಅಂದಚಂದಕ್ಕೆ ಅಂಕ ಕೊಡಲಾರೆ, ಪ್ರಯೋಗಾಲಯದ ಉಪಕರಣದಂತೆ ಬೋಳಾಗಿದೆ. ಕೊನೆಯ ಎಲೆಯ ಲೆಕ್ಕಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ. ಆದರೆ ಫ್ಲಾಪ್‌ನಿಂದ ಶುರು ಮಾಡಿ ಮೂರು ಹಂತಗಳಿಗೂ (ಫ್ಲಾಪ್, ನಾಲ್ಕನೆಯ ಎಲೆ, ಕೊನೆಯ ಎಲೆ) ನಾಲ್ಕೈದು ಅಳತೆಗಳನ್ನು ಕೊಟ್ಟರೆ ಕವಲುಗಳ ಸಂಖ್ಯೆ ಊಹೆಗೆ ಮೀರಿ ಬೆಳೆಯುತ್ತದೆ. ಮೊದಲ ವಾರದ ಉತ್ಸಾಹದಲ್ಲಿ ನಾನು ಹಾಗೆ ಮಾಡಿ, 8 ಜಿಬಿ ಮೆಮೊರಿಯ ನನ್ನ ಹಳೆಯ ಲ್ಯಾಪ್‌ಟಾಪ್ ಕಲ್ಲಿನಂತೆ ನಿಂತುಬಿಟ್ಟಿತು. ಎಷ್ಟು ಮೆಮೊರಿ ಬೇಕಾದೀತೆಂದು ಮೊದಲೇ ಅಂದಾಜು ಹೇಳುವ ಗುಂಡಿ ಪಕ್ಕದಲ್ಲೇ ಇತ್ತು. ಒತ್ತದೆ ಹೋದದ್ದು ನನ್ನ ತಪ್ಪು. ಈಗ ಪ್ರತಿ ಹಂತಕ್ಕೆ ಎರಡಕ್ಕಿಂತ ಹೆಚ್ಚು ಅಳತೆ ಕೊಡುವುದಿಲ್ಲ. ಉತ್ತರ ಎಷ್ಟು ನಿಖರವಾಗಿರಬೇಕು ಎಂಬುದನ್ನು ಪಾಟ್‌ನ ಶೇಕಡಾವಾರು ಲೆಕ್ಕದಲ್ಲಿ ನಾವೇ ನಿಗದಿ ಮಾಡಬಹುದು, ಶೇ 0.5 ನಮ್ಮಂಥವರಿಗೆ ಧಾರಾಳವಾಗಿ ಸಾಕು.

ಇದರ ದೊಡ್ಡ ಮಿತಿ ಬೇರೆಯೇ ಇದೆ, ಮತ್ತು ಅದು ಇಂತಹ ಎಲ್ಲ ಸಾಲ್ವರ್‌ಗಳಿಗೂ ಅನ್ವಯಿಸುತ್ತದೆ. ನಾವು ಹೇಳಿದ ರೇಂಜ್ ತಪ್ಪಾಗಿದ್ದರೆ ಉತ್ತರವೂ ತಪ್ಪು, ಆದರೆ ಅದು ಅಷ್ಟೇ ಗಂಭೀರವಾದ ದಶಮಾಂಶಗಳೊಂದಿಗೆ ಬರುತ್ತದೆ. ಏಳರ ಜೋಡಿಯನ್ನು ಸೇರಿಸಬೇಕೋ ಬೇಡವೋ ಎಂಬುದನ್ನು ಯಂತ್ರ ಹೇಳುವುದಿಲ್ಲ, ಅದು ಎದುರಿಗಿರುವ ಮನುಷ್ಯನನ್ನು ಬಲ್ಲವರು ಹೇಳಬೇಕಾದ ಮಾತು. ಇನ್ನೊಂದು, ಯಂತ್ರದ ಎದುರಾಳಿ ಯಂತ್ರವೇ. ನಮ್ಮ ಮಹಡಿಯಲ್ಲಿ ಇರುವವರು ಯಂತ್ರಗಳಲ್ಲ. ಅಲ್ಲೊಬ್ಬರಿದ್ದಾರೆ, ಯಾವ ಪಣವನ್ನಾದರೂ ನೋಡಿಯೇ ತೀರುತ್ತಾರೆ. ಬಿಟ್ಟುಕೊಟ್ಟರೆ ರಾತ್ರಿ ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ಅವರ ಎದುರು ಐದಕ್ಕೆ ಎರಡು ಎಂದು ಪ್ರಮಾಣಬದ್ಧವಾಗಿ ಬ್ಲಫ್ ಮಾಡುವುದು ಬೀಜಗಳನ್ನು ಹೊಳೆಗೆ ಎಸೆದಂತೆ. ಮೇಲಿನ ಮೊದಲ ಉದಾಹರಣೆಯಲ್ಲೇ, ಅಂಥವರ ವಿರುದ್ಧ ಒಂದೂ ಬ್ಲಫ್ ಇಲ್ಲದೆ ಗೆಲ್ಲುವ ಕೈಗಳಿಗೆ ಮಾತ್ರ 200 ಕೇಳಿದರೆ ಸರಾಸರಿ 108 ಬೀಜ ಬರುತ್ತದೆ, ಯಂತ್ರ ಕೊಟ್ಟ ಸಮತೋಲದ ಉತ್ತರದ 60 ಅಲ್ಲಿ ಲೆಕ್ಕಕ್ಕೇ ಇಲ್ಲ. ಇನ್ನೊಬ್ಬರು ಪಾಟ್‌ಗಿಂತ ದೊಡ್ಡ ಪಣ ಕಂಡರೆ ಎಲೆಗಳನ್ನು ಮುಟ್ಟುವುದೇ ಇಲ್ಲ. ಅವರೆದುರು ಹದಿನಾರು ಹತ್ತು-ಒಂಬತ್ತುಗಳನ್ನೂ ತಳ್ಳಬಹುದು. ಸಮತೋಲದ ಉತ್ತರ ಎಂಬುದು ಎದುರಾಳಿ ಯಾರೆಂದು ಗೊತ್ತಿಲ್ಲದಾಗ ಹಿಡಿಯಬೇಕಾದ ನಡುದಾರಿ, ಗೊತ್ತಿದ್ದಾಗ ಎಷ್ಟು ಪಕ್ಕಕ್ಕೆ ಸರಿಯಬಹುದು ಎಂದು ಅಳೆಯಲು ಬೇಕಾದ ಗುರುತಿನ ಕಲ್ಲು. ಮೂರು ಜನ ಉಳಿದಿರುವ ಪಾಟ್‌ಗಳ ಬಗ್ಗೆ ಇದು ಮಾತನಾಡುವುದೇ ಇಲ್ಲ, ನಮ್ಮ ಮನೆಯ ಆಟದಲ್ಲಾದರೋ ಅಂಥವೇ ಹೆಚ್ಚು.

ಕಾನೂನಿನ ಕುರಿತು ಕೇಳುವವರಿಗೆ ಒಂದು ಮಾತು. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣದ ಆಟಗಳನ್ನು ನಿಷೇಧಿಸಿದ್ದು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದುಪಡಿಸಿದ್ದು ಹಲವರಿಗೆ ನೆನಪಿರಬಹುದು. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ, ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವನ್ನೇ ಬದಿಗಿಟ್ಟು, ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವುದನ್ನು ಒದಗಿಸುವವರ ಮೇಲೆ ದೇಶಾದ್ಯಂತ ನಿಷೇಧ ಹೇರಿತು. ಟೆಕ್ಸಾಸ್‌ಸಾಲ್ವರ್‌ನಲ್ಲಿ ಹಣ ಕಟ್ಟುವುದಾಗಲೀ ಗೆಲ್ಲುವುದಾಗಲೀ ಇಲ್ಲ. ಚದುರಂಗದ ವಿಶ್ಲೇಷಣೆ ಮಾಡುವ ಯಂತ್ರದಂತೆ ಮುಗಿದ ಆಟವನ್ನು ಕುಳಿತು ಅಭ್ಯಾಸ ಮಾಡಲಿಕ್ಕಷ್ಟೇ ಇದು ಇರುವುದು. ಆಟ ನಡೆಯುತ್ತಿರುವಾಗ ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು ಎಲ್ಲ ಕಡೆಯೂ ಮೋಸವೆಂದೇ ಪರಿಗಣಿತವಾಗಿದೆ, ಅದು ಸರಿಯಾಗಿಯೂ ಇದೆ.

ಗಣಿತದ ರುಚಿಯಿರುವ, ಒಂದು ಕೈಯನ್ನು ಅರ್ಧ ದಿನ ಕೂತು ಬಗೆಯುವ ತಾಳ್ಮೆ ಇರುವವರಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಕೊನೆಯ ಎಲೆಯ ಸಣ್ಣ ಲೆಕ್ಕಗಳಿಂದಲೇ ಶುರು ಮಾಡಲಿ, ಮೊದಲು ಕಾಗದದ ಮೇಲೆ ಬಿಡಿಸಿ ಆಮೇಲೆ ಗುಂಡಿ ಒತ್ತಲಿ. ನೇರವಾಗಿ ಉತ್ತರ ಬೇಕು, ಕಾರಣ ಬೇಡ ಎನ್ನುವವರಿಗೆ ಇದು ಬಣ್ಣದ ಚೌಕಗಳ ರಾಶಿಯಾಗಿ ಕಂಡೀತು.

ಕಳೆದ ತಿಂಗಳ ಶನಿವಾರ, ಎಕ್ಕಗಳನ್ನು ತೋರಿಸಿದ್ದ ಅದೇ ಗೆಳೆಯರೊಂದಿಗೆ ಮತ್ತೆ ಇಬ್ಬರೇ ಉಳಿದೆವು. ಕೊನೆಯ ಎಲೆ ಬಿತ್ತು, ಅವರು ಚೆಕ್ ಎಂದರು. ಪಾಟ್‌ನ ಎರಡರಷ್ಟು ಬೀಜಗಳನ್ನು ಮುಂದೆ ತಳ್ಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಬೀಜದ ಗುಡ್ಡೆಯನ್ನೂ ನನ್ನ ಮುಖವನ್ನೂ ಎರಡೆರಡು ಸಲ ನೋಡಿ, ಕೊನೆಗೆ ಎಲೆ ಮಡಚಿದರು. ಏನಿತ್ತು ತೋರಿಸು ಎಂದು ರಾತ್ರಿಯಿಡೀ ಪೀಡಿಸಿದರು, ತೋರಿಸಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ, ಏಕೆಂದರೆ ಅವರು ಇದನ್ನು ಓದುತ್ತಾರೆ.